ಒಂದು ಹನಿಯ ಎಲೆ

ಇಸ್ಪೀಟೆಂದೊಡನೆ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಾವೇ ಹೊಸ ಗಂಜೀಫಾ ಆಟಗಳನ್ನು ರಚಿಸಿದರು. ಅವುಗಳಲ್ಲಿ 360 ಎಲೆಗಳ ಕಟ್ಟೂ ಇತ್ತು. ದೊರೆಗೆ ಒಪ್ಪಿದ್ದು ನಮಗೇಕೆ ಸಲ್ಲದು?

ಹಾಸ್ಟೆಲಿನ ನಾವು ನಾಲ್ವರು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ 48 ಎಲೆ ಮಾಡಿದೆವು. ತಾಲ್ಲೂಕಿಗೊಂದು ಪಂಗಡ, ಪಂಗಡಕ್ಕೆ ರಾಜ, ಮಂತ್ರಿ, ಒಂದರಿಂದ ಹತ್ತು. ಚನ್ನಗಿರಿಗೆ ಅಡಕೆ, ಹೊನ್ನಾಳಿಗೆ ತುಂಗಭದ್ರೆಯ ದೋಣಿ, ನ್ಯಾಮತಿಗೆ ಮೆಕ್ಕೆಜೋಳದ ತೆನೆ, ಜಗಳೂರಿಗೆ ನೀರಿನ ಹನಿ.

ಬರದ ಸೀಮೆಯಾದ್ದರಿಂದ ಜಗಳೂರಿನ ಎಲೆಗಳಿಗೆ ಬಲ ಕಡಿಮೆಯಿರಲಿ ಎಂದೊಬ್ಬ ಹೇಳಿದ. ಜಗಳೂರಿನ ಗೆಳೆಯ ಕತ್ತರಿ ಕೆಳಗಿಟ್ಟ. "ಆಟದಾಗೂ ನಾವೇ ಸೋಲಬೇಕೇನಪ್ಪಾ?"

ದಾರಿ ತೋರಿದ್ದು ಹಳೆಯ ದಶಾವತಾರ ಗಂಜೀಫಾ. 120 ಎಲೆಗಳ ಆ ಆಟದ ಹತ್ತು ಪಂಗಡಗಳಲ್ಲಿ ಐದಕ್ಕೆ ಮಂತ್ರಿಯ ಬಳಿಕ ಹತ್ತು ದೊಡ್ಡದು. ಉಳಿದ ಐದಕ್ಕೆ ಒಂದು ದೊಡ್ಡದು. ನಾವೂ ಹಾಗೆಯೇ ಮಾಡಿದೆವು. ಜಗಳೂರಿನಲ್ಲಿಯೂ ನ್ಯಾಮತಿಯಲ್ಲಿಯೂ ಒಂದು ಹತ್ತನ್ನು ಗೆಲ್ಲುತ್ತದೆ. ಎಲೆ ಬರೆಯುವುದು ಸುಲಭ. ಯಾವುದಕ್ಕೆ ಎಷ್ಟು ಬೆಲೆಯೆಂದು ಗೊತ್ತುಮಾಡುವುದೇ ಕಷ್ಟ.

ರಜೆಯಲ್ಲಿ, ಅಕ್ಷರ ಬಾರದ ನನ್ನ ತಂದೆಗೆ ಜಗಳೂರಿನ ಎಲೆಗಳನ್ನು ತೋರಿಸಿದೆ. ಅವರು ಒಂದು ಹನಿಯದನ್ನು ಎತ್ತಿಕೊಂಡು, "ದೊಡ್ಡದು ಇದೇ ಅಲ್ಲೇನೋ?" ಎಂದರು. ನಿಯಮವನ್ನು ನಾನಿನ್ನೂ ಹೇಳಿರಲಿಲ್ಲ.