ಬೇಟೆಯೂ ಬಯಕೆಯೂ

ಕರುಣೆಯೆಂಬುದು ಎಲ್ಲ ದೇಶಗಳ ಜನರಲ್ಲಿಯೂ ಇರುವ ಗುಣವೇ ಆದರೂ ಅದು ಕಾಣಿಸಿಕೊಳ್ಳುವ ರೀತಿ ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಕಾಯಿಲೆ ಬಿದ್ದ ಮಗುವಿಗಾಗಿ ನಾವು ಹರಕೆ ಹೊರುತ್ತೇವೆ, ಹಣ್ಣುಹಂಪಲು ಒಯ್ಯುತ್ತೇವೆ, ಪಕ್ಕದಲ್ಲಿ ಕುಳಿತು ಕಥೆ ಹೇಳುತ್ತೇವೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕೆಲವು ಕಡೆ ಅಂಥ ಮಗುವಿಗೆ ಬೇಟೆಯಾಡಲು ವಿಶೇಷ ಅನುಮತಿಪತ್ರವನ್ನು ದೊರಕಿಸಿಕೊಡುತ್ತಾರೆ. ಸೇನೆಯಲ್ಲಿ ದುಡಿದು ಅಂಗವಿಕಲರಾದವರಿಗೂ ಈ ಸೌಲಭ್ಯವುಂಟು. ಇದನ್ನು ಓದಿದಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದುಕೊಂಡಿದೆ: ಒಂದು ಜೀವಕ್ಕೆ ಸಂತೋಷವನ್ನು ಕೊಡಲು ಇನ್ನೊಂದು ಜೀವವನ್ನು ಕೊಡಬಹುದೆ?

ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಅಲ್ಲಿಯ ವ್ಯವಸ್ಥೆಯನ್ನು ತಿಳಿಯಬೇಕು. ಅಲ್ಲಿ ಕಾಡುಪ್ರಾಣಿ ಭೂಮಿಯ ಒಡೆಯನ ಸ್ವತ್ತಲ್ಲ. ಪ್ರಜೆಗಳೆಲ್ಲರ ಪರವಾಗಿ ಆಯಾ ಸಂಸ್ಥಾನದ ಸರಕಾರ ಅದರ ಪಾಲಕ. ಯಾವ ಪ್ರಾಣಿಯನ್ನು, ಎಷ್ಟು ಸಂಖ್ಯೆಯಲ್ಲಿ, ಯಾವ ತಿಂಗಳಿನಲ್ಲಿ ಬೇಟೆಯಾಡಬಹುದೆಂದು ಸರಕಾರವೇ ಗೊತ್ತುಮಾಡುತ್ತದೆ. ದೊಡ್ಡ ಪ್ರಾಣಿಗಳಿಗೆ ಒಂದು ಚೀಟಿಗೆ ಒಂದೇ ಪ್ರಾಣಿ. ಬೇಡುವವರು ಬಹಳ, ಚೀಟಿ ಕೆಲವೇ ಆದಲ್ಲಿ ಲಾಟರಿ ಎತ್ತುತ್ತಾರೆ. ವರ್ಷಗಟ್ಟಲೆ ಅರ್ಜಿ ಹಾಕಿಯೂ ಸಿಗದವರುಂಟು. ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ ವಸೂಲಾಗುವ ತೆರಿಗೆಯನ್ನು 1937ರ ಕಾಯಿದೆಯೊಂದರ ಪ್ರಕಾರ ವನ್ಯಪ್ರಾಣಿಗಳ ಸಂರಕ್ಷಣೆಗೇ ವಿನಿಯೋಗಿಸುತ್ತಾರೆ.

ಆರೋಗ್ಯವಂತನು ಲಾಟರಿಗಾಗಿ ಹತ್ತು ವರ್ಷ ಕಾದಾನು. ಬಾಳಿನ ಲೆಕ್ಕ ತಿಂಗಳುಗಳಲ್ಲಿರುವ ಮಗು ಕಾಯುವುದೆಂತು? ಇದಕ್ಕಾಗಿಯೇ ಅರಿಜೋನ ಸಂಸ್ಥಾನದ ಕಾಯಿದೆಯಲ್ಲಿ ಒಂದು ಅವಕಾಶವನ್ನು ಕಲ್ಪಿಸಿದ್ದಾರೆ. ಚೀಟಿ ಬಂದವನು ಅದನ್ನು ಧರ್ಮಾರ್ಥ ಸಂಸ್ಥೆಯೊಂದಕ್ಕೆ ದಾನ ಮಾಡಬಹುದು. ಆ ಸಂಸ್ಥೆ ಪ್ರಾಣಾಪಾಯದ ಕಾಯಿಲೆಯುಳ್ಳ ಅಥವಾ ಅಂಗವೈಕಲ್ಯವುಳ್ಳ ಬಾಲಕ ಬಾಲಿಕೆಯರಿಗೆ, ಇಲ್ಲವೆ ಅಂಗವಿಕಲ ಮಾಜಿ ಸೈನಿಕರಿಗೆ ಅದನ್ನು ವರ್ಗಾಯಿಸುತ್ತದೆ. ಮಗುವೆಂದು ನಿಯಮವನ್ನು ಸಡಿಲಿಸುವುದಿಲ್ಲ. ಹತ್ತು ವರ್ಷ ತುಂಬದವರಿಗೆ ದೊಡ್ಡ ಪ್ರಾಣಿಗಳ ಬೇಟೆ ಇಲ್ಲ. ಹದಿನಾಲ್ಕು ತುಂಬದವರು ಬೇಟೆಯ ಶಿಕ್ಷಣವನ್ನು ಪಡೆದಿರಲೇಬೇಕು. ನಡೆಯಲಾರದವರಿಗೆ ನಿಂತ ವಾಹನದಲ್ಲಿ ಕುಳಿತೇ ಗುಂಡು ಹಾರಿಸಲು ಪ್ರತ್ಯೇಕ ಪರವಾನಗಿಯುಂಟು.

ಈ ಪದ್ಧತಿಯನ್ನು ಆ ದೇಶದವರೆಲ್ಲರೂ ಒಪ್ಪಿದ್ದಾರೆಂದು ತಿಳಿಯಬಾರದು. ರೋಗಪೀಡಿತ ಮಕ್ಕಳ ಬಯಕೆಗಳನ್ನು ಈಡೇರಿಸುವ ‘ಮೇಕ್ ಎ ವಿಶ್’ ಎಂಬ ಸಂಸ್ಥೆ 1980ರಲ್ಲಿ ಅದೇ ಅರಿಜೋನದಲ್ಲಿ ಹುಟ್ಟಿತು. ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಏಳು ವರ್ಷದ ಬಾಲಕನೊಬ್ಬ ಪೊಲೀಸನಾಗಬೇಕೆಂದು ಆಸೆಪಟ್ಟಾಗ ಅಲ್ಲಿಯ ಪೊಲೀಸ್ ಅಧಿಕಾರಿಗಳು ಅವನಿಗೆ ಸಮವಸ್ತ್ರ ತೊಡಿಸಿ ತಮ್ಮೊಳಗೊಬ್ಬನನ್ನಾಗಿ ಮಾಡಿಕೊಂಡದ್ದೇ ಅದರ ಮೂಲ. ಇದೇ ಸಂಸ್ಥೆ 1996ರಲ್ಲಿ ಮಿನೆಸೋಟದ ಒಬ್ಬ ತರುಣನ ಅಪೇಕ್ಷೆಯಂತೆ ಅಲಾಸ್ಕದಲ್ಲಿ ಕರಡಿಯ ಬೇಟೆಗೆ ಏರ್ಪಾಡು ಮಾಡಿದಾಗ ಪ್ರಾಣಿದಯಾಪರರು ಬಲವಾಗಿ ಪ್ರತಿಭಟಿಸಿದರು. ಮುಂದೆ ಸಂಸ್ಥೆ ಬೇಟೆಯ ಬಯಕೆಗಳನ್ನು ಕೈಬಿಟ್ಟಿತು. ಆಗ ಪೆನ್ಸಿಲ್ವೇನಿಯದ ತಾಯಿಯೊಬ್ಬಳು ಅಂಥ ಮಕ್ಕಳಿಗೆಂದೇ 1999ರಲ್ಲಿ ಬೇರೊಂದು ಸಂಸ್ಥೆಯನ್ನು ಕಟ್ಟಿದಳು. ಕಾಯಿಲೆಯಿಂದ ತೀರಿಕೊಂಡ ಆಕೆಯ ಮಗನಿಗೂ ಬೇಟೆಯ ಬಯಕೆಯೇ ಇತ್ತು. ಕೆನಡದ ಜನ ಅದನ್ನು ನಡೆಸಿಕೊಟ್ಟಿದ್ದರು. ಪ್ರತಿಭಟಿಸಿದವರನ್ನು ಹೃದಯಹೀನರೆನ್ನಲಾರೆ, ಈ ತಾಯಿಯನ್ನು ಕ್ರೂರಿಯೆನ್ನಲಾರೆ.

ನಾವು ಬೆಳೆದ ಸಂಸ್ಕಾರವೇ ಬೇರೆ. ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಕ್ಕಾಗಿ ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ತೊಳಲಿದ ಕಥೆಯನ್ನು ಜನ್ನನು ಯಶೋಧರಚರಿತೆಯಲ್ಲಿ ಹೇಳಿದ್ದಾನೆ. ನಮ್ಮ ದೇಶದ ಕಾನೂನೂ ಅದೇ ದಿಕ್ಕಿಗೆ ನಡೆದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಯ ಲೈಸೆನ್ಸಿಗೆ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ತಾಳವಾಡಿಯ ಸುತ್ತಿನ ನಮಗೆ ಇದು ಪುಸ್ತಕದ ಮಾತಲ್ಲ. ಸತ್ಯಮಂಗಲದ ಕಾಡು 2013ರಿಂದ ಹುಲಿ ಮೀಸಲು ಪ್ರದೇಶ. ಆನೆ ಬಂದು ಕಬ್ಬನ್ನು ತುಳಿದರೂ, ಹಂದಿ ಬಂದು ಜೋಳವನ್ನು ಕೆಡವಿದರೂ ರೈತನಿಗಿರುವುದು ಅಟ್ಟಣೆ, ತಗಡು, ಪಟಾಕಿ ಮತ್ತು ಗಂಟಲು.

ನನ್ನ ತರಗತಿಯಲ್ಲಿ ರಕ್ತದ ಕಾಯಿಲೆಯ ಒಬ್ಬ ಹುಡುಗನಿದ್ದಾನೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ರಕ್ತ ಹಾಕಿಸಿಕೊಂಡು ಬರುತ್ತಾನೆ. ಆಟದ ಗಂಟೆಯಲ್ಲಿ ಅವನಿಗೆ ನೆರಳು, ಮನೆಯಲ್ಲಿ ಅವನಿಗೆ ಚಾಪೆ. ಏನು ಬೇಕಪ್ಪಾ ನಿನಗೆ ಎಂದು ಒಂದು ದಿನ ಕೇಳಿದೆ. ಬಣ್ಣದ ಪೆನ್ಸಿಲ್ಲನ್ನೋ ಮಿಠಾಯಿಯನ್ನೋ ಕೇಳಿಯಾನೆಂದು ನನ್ನ ಎಣಿಕೆ. ಅವನೆಂದ: “ಮೇಷ್ಟ್ರೇ, ಅಪ್ಪನ ಜತ್ಗೆ ಒಂದಿನ ಅಟ್ಟಣೆ ಮ್ಯಾಲೆ ಕಾವ್ಲು ಕೂರ್ಬೇಕು.”

ಅವ್ವ ಒಪ್ಪಲಿಲ್ಲ, ಮಂಜು ಬೀಳುತ್ತದೆ, ಆನೆ ಬರುತ್ತದೆ ಎಂದಳು. ಅಪ್ಪ ಸುಮ್ಮನೆ ನೆಲ ನೋಡಿದ. ವೈದ್ಯರನ್ನು ಕೇಳಿದ್ದಾಯಿತು; ಬೆಚ್ಚಗೆ ಹೊದಿಸಿ ಕರೆದೊಯ್ಯಿರೆಂದರು. ಕೊಯ್ಲಿನ ಮುಂಚೆ ಒಂದು ರಾತ್ರಿ ಹುಡುಗ ಅಪ್ಪನೊಡನೆಯೂ ದೊಡ್ಡಪ್ಪನೊಡನೆಯೂ ಅಟ್ಟಣೆಯೇರಿದ. ಆನೆ ಬರಲಿಲ್ಲ. ಬೆಳಗಿನ ಜಾವ ಹಂದಿಗಳು ಬಂದುವಂತೆ. ಮರುವಾರ ಶಾಲೆಗೆ ಬಂದವನು ಇಡೀ ತರಗತಿಗೆ ಸಾರಿದ: “ತಗಡು ಬಡ್ದೋನು ನಾನೇಯ. ಒಂದೂ ನಿಲ್ನಿಲ್ಲ!”

ಅಂದಿನಿಂದ ಅಮೆರಿಕದ ಆ ಮಕ್ಕಳ ಬಯಕೆ ನನಗೆ ಸ್ವಲ್ಪ ಅರ್ಥವಾದಂತಿದೆ. ಬೇಟೆಯೇ ಕುಲಕಸುಬೆಂಬಂತೆ ಶರತ್ಕಾಲದಲ್ಲಿ ಊರಿನ ಗಂಡಸರು ಹೆಂಗಸರು ಕಾಡಿಗೆ ಹೊರಡುವ ಕಡೆ, ಹಾಸಿಗೆಯಲ್ಲಿ ಉಳಿದ ಮಗು ಬಯಸುವುದು ಮೃಗದ ಸಾವನ್ನೇ ಎಂದು ನಾನು ನಂಬಲಾರೆ. ದೊಡ್ಡವರ ಸಾಲಿನಲ್ಲಿ ತನಗೊಂದು ಜಾಗ ಬೇಕು, ತನ್ನನ್ನು ನಂಬಿ ಒಂದು ಕೆಲಸವನ್ನು ಒಪ್ಪಿಸಬೇಕು ಎಂಬುದೇ ಅದರ ಒಳಗಿನ ಬೇಡಿಕೆಯಿದ್ದೀತು. ಕಾಲು ಕಳೆದುಕೊಂಡ ಸೈನಿಕನಿಗೂ ಗೆಳೆಯರೊಡನೆ ಮತ್ತೆ ಕಾಡಿನ ದಾರಿ ಹಿಡಿಯುವ ಹಂಬಲವೇ ದೊಡ್ಡದಿರಬೇಕು.

ಹಾಗೆಂದು ನನ್ನ ಪ್ರಶ್ನೆಗೆ ನಾನು ಹೌದೆಂದು ಉತ್ತರ ಕೊಡಲಾರೆ. ಆ ಜಿಂಕೆಗೂ ಪ್ರಾಣ ಪ್ರಿಯವೇ. ಹಂದಿ ಸಾಯದೆಯೂ ನಮ್ಮ ಹುಡುಗನ ಆಸೆ ತೀರಿತು. ಆದರೆ ರೋಗಿಯಾದ ಮಗುವನ್ನು ಕನಿಕರದ ಹೆಸರಿನಲ್ಲಿ ಮೂಲೆಯಲ್ಲಿ ಕೂರಿಸಬಾರದು, ಅದರ ಬಯಕೆಯನ್ನು ಅದರ ಬಾಯಿಂದಲೇ ಕೇಳಿ ದಾರಿ ಮಾಡಿಕೊಡಬೇಕು ಎಂಬ ಮಟ್ಟಿಗೆ ಆ ಪರದೇಶದ ಕಾಯಿದೆಯಿಂದ ನಾವು ಕಲಿಯತಕ್ಕದ್ದಿದೆ. ಅಧ್ಯಾಪಕ ಬಂಧುಗಳೆ, ನಿಮ್ಮ ಶಾಲೆಯಲ್ಲಿಯೂ ಅಂಥ ಮಗುವೊಂದಿದ್ದೀತು. ಗಂಟೆ ಬಾರಿಸುವ ಕೆಲಸವನ್ನೋ, ಹಾಜರಿ ಕೂಗುವ ಕೆಲಸವನ್ನೋ ಅದಕ್ಕೆ ಒಪ್ಪಿಸಿ ನೋಡಿ. ವಿದ್ಯಾರ್ಥಿಗಳೆ, ನಿಮ್ಮ ಆಟದಲ್ಲಿ ಅದಕ್ಕೊಂದು ಪಾಲು ಕೊಡಿ. ಓಡಲಾರದವನು ಎಣಿಕೆ ಹಿಡಿಯಬಲ್ಲ, ತೀರ್ಪು ಹೇಳಬಲ್ಲ. ಇದಕ್ಕೆ ಯಾವ ಸರಕಾರದ ಅನುಮತಿಪತ್ರವೂ ಬೇಕಾಗಿಲ್ಲ.