ಹೂಂ ಅನ್ನುವ ಮಂತ್ರ

ಕಲ್ಯಾಣ್ ದಾಟಿದ ಮೇಲೆ ಕಸಾರಾ ಮಾರ್ಗದಲ್ಲಿ ಮೊದಲು ಸಿಗುವ ನಿಲ್ದಾಣ ಶಹಾಡ್. ಅಲ್ಲಿಂದ ದಾದರಿಗೆ ಲೋಕಲ್‌ನಲ್ಲಿ ಒಂದು ಗಂಟೆಗೂ ಮಿಕ್ಕಿದ ದಾರಿ. ಇಪ್ಪತ್ತೆರಡು ವರ್ಷದಿಂದ ಆ ದಾರಿ ಸವೆಸುತ್ತಿರುವ ಧಾರವಾಡ ಕಡೆಯ ಲೆಕ್ಕಿಗರೊಬ್ಬರು ಜೂನ್ ತಿಂಗಳ ಒಂದು ಬೆಳಿಗ್ಗೆ ಮಗನ ಹಳೆಯ ಪುಸ್ತಕವೊಂದನ್ನು ಚೀಲಕ್ಕೆ ಹಾಕಿಕೊಂಡರು. ಹ್ಯಾರಿ ಪಾಟರ್ ಸರಣಿಯ ನಾಲ್ಕನೆಯದು, 2000ದಲ್ಲಿ ಬಂದದ್ದು. ಓದುವ ಹಂಬಲವೇನೂ ಇರಲಿಲ್ಲ. ಮೊಬೈಲ್ ಕೆಟ್ಟಿತ್ತು, ಅಷ್ಟೇ.

ಅದೇ ಚೀಲದಲ್ಲಿ ಇನ್ನೊಂದು ಕಾಗದವಿತ್ತು. ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಕೋಚಿಂಗ್ ಅರ್ಜಿ, ಅದಕ್ಕೆ ಪಿನ್ ಹಾಕಿದ ಮೊದಲ ಕಂತಿನ ಚೆಕ್ಕು. ಹತ್ತನೆಯ ತರಗತಿ ಮುಗಿಸಿದ ಹುಡುಗ ಎಲ್ಲದಕ್ಕೂ 'ಹೂಂ ಅಪ್ಪಾ' ಅಂದಿದ್ದ. ಸೈನ್ಸ್ ತಗೋತಿ? ಹೂಂ. ಕೋಚಿಂಗ್ ಹಚ್ಚಲಿ? ಹೂಂ. ಹೇಳಿದ ಮಾತು ಮೀರದ ಮಗ ಎಂದು ನೆಂಟರ ಮುಂದೆ ಹೆಮ್ಮೆಯಿಂದ ಹೇಳಿಕೊಂಡದ್ದೂ ಆಗಿತ್ತು.

ಆ ಪುಸ್ತಕದಲ್ಲಿ ಇಂಪೀರಿಯಸ್ ಎಂಬ ಶಾಪವೊಂದಿದೆ. ಕ್ಷಮೆಯೇ ಇಲ್ಲದ ಮೂರು ಶಾಪಗಳಲ್ಲಿ ಅದೂ ಒಂದು. ಉಳಿದೆರಡು ಹಿಂಸಿಸುತ್ತವೆ, ಕೊಲ್ಲುತ್ತವೆ. ಇದು ಹಾಗಲ್ಲ. ಇದಕ್ಕೆ ಸಿಕ್ಕವನಿಗೆ ನೋವೇ ಇಲ್ಲ. ತಲೆಯೊಳಗಿನ ಚಿಂತೆಯೆಲ್ಲ ಒರೆಸಿಹೋಗಿ ಹಗುರವಾಗುತ್ತದೆ, ಒಂದು ದನಿ ಮಾತ್ರ ಹೇಳಿಕೊಡುತ್ತಿರುತ್ತದೆ. ತರಗತಿಯಲ್ಲಿ ಹ್ಯಾರಿಯ ಮೇಲೆ ಇದನ್ನು ಪ್ರಯೋಗಿಸುತ್ತಾರೆ. ಮೇಜಿನ ಮೇಲೆ ಜಿಗಿ ಎನ್ನುತ್ತದೆ ದನಿ. ಯಾಕೆ ಜಿಗಿಯಬೇಕು ಎಂದು ಒಳಗಿನಿಂದ ಇನ್ನೊಂದು ದನಿ ಕೇಳುತ್ತದೆ. ಎರಡರ ನಡುವೆ ಸಿಕ್ಕ ಹುಡುಗ ಜಿಗಿಯುತ್ತಲೇ ತಡೆದುಕೊಳ್ಳಲು ಹೋಗಿ ಮೇಜಿಗೆ ಅಪ್ಪಳಿಸುತ್ತಾನೆ, ಮೊಣಕಾಲು ಒಡೆದುಕೊಳ್ಳುತ್ತಾನೆ. ಶಾಪವನ್ನು ಪೂರ್ತಿ ಕೊಡವಿಕೊಳ್ಳಲು ಮತ್ತೆ ಮತ್ತೆ ಪ್ರಯತ್ನಿಸಬೇಕಾಗುತ್ತದೆ. ಒಪ್ಪಿಕೊಂಡವನಿಗೆ ಸುಖ, ಎದುರು ನಿಂತವನಿಗೆ ಪೆಟ್ಟು.

ಲೆಕ್ಕಿಗರಿಗೆ ಇನ್ನೊಂದು ಸಂಗತಿಯೂ ಚುಚ್ಚಿತು. ವೊಲ್ಡೆಮಾರ್ಟ್ ಮೊದಲ ಸಲ ಸೋತಾಗ ಅವನ ಹಿಂಬಾಲಕರಲ್ಲಿ ಹಲವರು 'ನಾವು ಮಾಡಲಿಲ್ಲ, ಶಾಪ ಮಾಡಿಸಿತು' ಎಂದು ಪಾರಾಗಿರುತ್ತಾರೆ. ಯಾರು ನಿಜವಾಗಿ ಶಾಪಕ್ಕೆ ಸಿಕ್ಕಿದ್ದರು, ಯಾರು ಸುಳ್ಳು ಹೇಳಿದರು, ವಿಂಗಡಿಸುವುದು ಕಷ್ಟ. ತಾವು ಬಿ.ಕಾಂ. ಓದಿದ್ದು, ಊರು ಬಿಟ್ಟದ್ದು, ಇದೇ ಕೆಲಸದಲ್ಲಿ ಉಳಿದದ್ದು ಎಲ್ಲಕ್ಕೂ 'ಅಪ್ಪ ಹೇಳಿದ್ದಕ್ಕ ಮಾಡಿದೆ' ಎಂಬ ಉತ್ತರವನ್ನೇ ಅವರು ಇಷ್ಟು ವರ್ಷ ಕೊಡುತ್ತ ಬಂದಿದ್ದರು.

ಸರಣಿಯ ಮುಂದಿನ ಪುಸ್ತಕಗಳೂ ಮನೆಯಲ್ಲಿದ್ದವು. 2003ರದ್ದರಲ್ಲಿ ಭವಿಷ್ಯವಾಣಿ ಬರುತ್ತದೆ. ಅದು ಹ್ಯಾರಿಗೂ ಹೊಂದುತ್ತದೆ, ನೆವಿಲ್‌ಗೂ ಹೊಂದುತ್ತದೆ. ವೊಲ್ಡೆಮಾರ್ಟ್ ಅದನ್ನು ನಂಬಿ ಒಂದು ಮಗುವನ್ನು ಆರಿಸಿಕೊಂಡದ್ದರಿಂದಲೇ ಅದು ಹ್ಯಾರಿಯದಾಯಿತು. 2005ರ ಪುಸ್ತಕದಲ್ಲಿ ಡಂಬಲ್ಡೋರ್ ಹುಡುಗನಿಗೆ ತಿಳಿಸಿಹೇಳುವುದೂ ಇದನ್ನೇ: ನಡೆಯುವ ಘಟನೆ ಅದೇ ಇರಬಹುದು, ಆದರೆ ಎಳೆಸಿಕೊಂಡು ಹೋಗುವುದಕ್ಕೂ ತಾನೇ ನಡೆದುಹೋಗುವುದಕ್ಕೂ ಅಂತರವಿದೆ.

ಈ ಲೆಕ್ಕ ನಮ್ಮಲ್ಲಿ ಹೊಸದಲ್ಲ. ಮಹಾಭಾರತದ ಯಯಾತಿಗೆ ಶುಕ್ರಾಚಾರ್ಯರ ಶಾಪದಿಂದ ಅಕಾಲ ಮುಪ್ಪು ಬರುತ್ತದೆ. ಯಾರಾದರೂ ಒಪ್ಪಿದರೆ ಅದನ್ನು ದಾಟಿಸಬಹುದು. ಒಪ್ಪಿಗೆ ಇಲ್ಲದೆ ಆ ಮಂತ್ರ ನಡೆಯುವುದಿಲ್ಲ. ಆದರೆ ಒಲ್ಲೆ ಎಂದ ನಾಲ್ವರು ಮಕ್ಕಳಿಗೆ ಅಪ್ಪನ ಶಾಪ, ಹೂಂ ಎಂದ ಕಿರಿಯ ಪುರುವಿಗೆ ರಾಜ್ಯ. ಹೀಗೆ ಪಡೆದ ಒಪ್ಪಿಗೆ ಎಷ್ಟು ಒಪ್ಪಿಗೆ?

ಕಲ್ಯಾಣ್‌ನಿಂದ ಇನ್ನೊಂದು ಕವಲಿನಲ್ಲಿ ಹೋದರೆ ನೇರಳ್, ಅದರ ಮೇಲಿನ ಗುಡ್ಡ ಮಾಥೇರಾನ್. ಅಲ್ಲಿ 1938ರಲ್ಲಿ ಹುಟ್ಟಿದ ಗಿರೀಶ ಕಾರ್ನಾಡರು ವಿದೇಶಕ್ಕೆ ಓದಲು ಹೊರಟ ಹೊತ್ತಿನಲ್ಲಿ, ಮನೆಯವರ ಆತಂಕ ಮತ್ತು ಒತ್ತಾಯಗಳ ನಡುವೆ ಇದೇ ಕಥೆಯನ್ನು ನಾಟಕ ಮಾಡಿದರು. 'ಯಯಾತಿ' 1961ರಲ್ಲಿ ಪ್ರಕಟವಾಯಿತು. ತಮ್ಮ ನಾಳೆಯನ್ನು ಬಲಿ ಕೇಳುವವರ ಮೇಲಿನ ಸಿಟ್ಟು ತಮಗೆ ತಿಳಿಯದಂತೆ ಅದರೊಳಗೆ ಸೇರಿಕೊಂಡಿತ್ತೆಂದು ಆಮೇಲೆ ಅವರೇ ಬರೆದರು. ಅವರ ನಾಟಕದಲ್ಲಿ ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿ ಇದ್ದಾಳೆ. ಗಂಡ ಮುಪ್ಪು ಒಪ್ಪಿಕೊಂಡಾಗ ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಸಾಯುತ್ತಾಳೆ. ಅಪ್ಪನ ಕಣ್ಣು ತೆರೆಯುವುದು ಆಮೇಲೆ.

ಅರ್ಜಿ ಕೊಡಲು ಇನ್ನು ಎರಡು ದಿನ ಉಳಿದಿದ್ದಾಗ, ರಾತ್ರಿ ಊಟವಾದ ಮೇಲೆ ಲೆಕ್ಕಿಗರು ಕಾಗದವನ್ನು ಮಗನ ಮುಂದೆ ಇಟ್ಟರು.

"ಒಲ್ಲೆ ಅಂದ್ರೂ ನಡೀತದ. ನಾ ಸಿಟ್ಟಾಗಂಗಿಲ್ಲ."

ಹುಡುಗ ಮೊದಲು ಹೂಂ ಅಂದ, ಅಭ್ಯಾಸ ಬಲ. ಅಪ್ಪ ಕಾದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಮ್ಮನೂ ಕಾಯುತ್ತಿದ್ದಳು.

"ಬ್ಯಾಡಪ್ಪಾ."

"ಮತ್ತ ಏನ್ ಮಾಡ್ತಿ?"

"ಅದೂ ಗೊತ್ತಿಲ್ಲ."

ಅವರಿಗೆ ಸಿಟ್ಟು ಬಂತು. ಬರುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಗೊತ್ತಿಲ್ಲ ಎನ್ನುವವನ ಕೈಗೆ ವರ್ಷವೊಂದನ್ನು ಬಿಟ್ಟುಕೊಡುವುದು ಹೇಗೆ? ಬಾಯಿಗೆ ಬಂದ ಮಾತು ತಮ್ಮ ಅಪ್ಪನದೇ ಮಾತಾಗಿತ್ತು. ಅದನ್ನು ನುಂಗಿಕೊಂಡರು. ಹುಡುಗನ ಮುಖ ಬಿಳಿಚಿತ್ತು. ಎಲ್ಲಿಯೋ ಬಲವಾಗಿ ಪೆಟ್ಟಾದವರ ಹಾಗೆ ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತಿದ್ದ.

"ಆತು, ನಾಳೆ ಮಾತಾಡೋಣು," ಎಂದರು. ಪಿನ್ ತೆಗೆದು ಚೆಕ್ಕನ್ನು ಪುಸ್ತಕದೊಳಗಿಟ್ಟರು. ಬೆಳಿಗ್ಗೆ ಎಂದಿನ ಲೋಕಲ್‌ಗೆ ಹೊರಟಾಗ ಮಗ ತಾನಾಗಿಯೇ ಎದ್ದು ಸ್ಟೇಷನ್‌ವರೆಗೆ ಜೊತೆಗೆ ಬಂದ. ದಾರಿಯುದ್ದಕ್ಕೂ ಇಬ್ಬರೂ ಹೆಚ್ಚೇನೂ ಮಾತಾಡಲಿಲ್ಲ.