ಭೂತಗನ್ನಡಿಯೊಳಗಿನ ಸೊನ್ನೆ, ಒಂದು

ಬ್ರೌಸರ್ ಟ್ಯಾಬಿನ ಮೂಲೆಯಲ್ಲಿ ಒಂದು ಲೋಗೋಗೆ ಸಿಗುವ ಜಾಗ 16 ಪಿಕ್ಸೆಲ್ ಉದ್ದ, 16 ಪಿಕ್ಸೆಲ್ ಅಗಲ, ಅಷ್ಟೇ. ಅಷ್ಟರೊಳಗೆ ಒಂದು ಹಸಿರು ನಕ್ಷೆ, ಅದರಲ್ಲಿ ರಸ್ತೆ, ಅದರ ಮೇಲೊಂದು ಭೂತಗನ್ನಡಿ, ಆ ಕನ್ನಡಿಯೊಳಗೆ ಸೊನ್ನೆ-ಒಂದು ಅಂಕಿಗಳು, ಇಷ್ಟನ್ನೂ ತುರುಕಿದರೆ ಏನಾಗುತ್ತೆ ಹೇಳಿ? ಹಸಿರು ಕಲೆಯಾಗುತ್ತೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಲೋಗೋ ಬದಲಾಯಿಸಬೇಕು ಅನ್ನುವವರ ಮೊದಲ ವಾದವೇ ಇದು. ಆ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ.

ಹೆಸರು ಕೇಳದವರಿಗೆ ಎರಡು ಮಾತು. 2004ರಲ್ಲಿ ಸ್ಟೀವ್ ಕೋಸ್ಟ್ ಎಂಬಾತ ಇಂಗ್ಲೆಂಡಿನಲ್ಲಿ ಶುರು ಮಾಡಿದ ನಕ್ಷೆ ಇದು. ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು. ನಾನು ಇದಕ್ಕೆ ಸೇರಿದ್ದು ತಿಪಟೂರಿನ ಹತ್ತಿರದ ನಮ್ಮೂರಿನಿಂದಾಗಿ. ಅಲ್ಲಿ ಕೆರೆ ಏರಿಯ ದಾರಿ ಇರಲಿಲ್ಲ, ಹಾಕಿದೆ. ಊರಿನ ಹೆಸರಿಗೆ ಕನ್ನಡ ರೂಪ ಇರಲಿಲ್ಲ, ಅದನ್ನೂ ಹಾಕಿದೆ. ಇದಕ್ಕೆ ಯಾರೂ ಸಂಬಳ ಕೊಡಲ್ಲ, ಅಪ್ರೈಸಲ್ ಇಲ್ಲ. ಶನಿವಾರ ರಾತ್ರಿ ಕೂತು ಅಕ್ಕಪಕ್ಕದ ಹಳ್ಳಿಗಳ ಹೆಸರು ತುಂಬಿಸುವಾಗ ಸಿಗುವ ನೆಮ್ಮದಿ ಆಫೀಸಿನ ಸ್ಪ್ರಿಂಟಿನಲ್ಲಿ ನನಗೆ ಸಿಕ್ಕಿಲ್ಲ.

ಹೀಗೇ ನಕ್ಷೆ ತಿದ್ದುವ ನಾಲ್ಕೈದು ಗೆಳೆಯರು ಬೆಂಗಳೂರಿನಲ್ಲಿ ಆಗಾಗ ಸೇರ್ತೀವಿ. ಒಮ್ಮೆ ಟೀ-ಶರ್ಟ್ ಮಾಡಿಸೋಣ ಅಂತ ಹೊರಟೆವು. ಪ್ರಿಂಟಿಂಗ್ ಅಂಗಡಿಯವರು ಲೋಗೋ ನೋಡಿ, "ಒಂದೇ ಬಣ್ಣದಲ್ಲಿ ಕೊಡಿ ಸಾರ್, ಇಷ್ಟೆಲ್ಲ ಶೇಡ್ ಬಟ್ಟೆ ಮೇಲೆ ಬರಲ್ಲ" ಅಂದರು. ನಮ್ಮಲ್ಲೊಬ್ಬಳು ಡಿಸೈನರ್. ಅವಳೇ ಎರಡು ಸಂಜೆ ಕೂತು ಸರಳ ರೂಪವೊಂದನ್ನು ಬರೆದಳು: ಒಂದು ಮಡಿಕೆ, ಒಂದು ಗೆರೆ, ಒಂದು ವೃತ್ತ. ಅಂಕಿಗಳು ಮಾಯ.

ಅಲ್ಲಿಂದ ಶುರುವಾಯಿತು ನೋಡಿ. "ಹಳೆಯದರಲ್ಲಿ ಏನು ತೊಂದರೆ?" ಅಂತ ಒಬ್ಬ. "ಇದು ಯಾವುದೋ ಕ್ಯಾಬ್ ಕಂಪನಿ ಐಕಾನ್ ಥರ ಇದೆ" ಅಂತ ಇನ್ನೊಬ್ಬ. ಮತ್ತೊಬ್ಬನದು ಗೊತ್ತಲ್ಲ, ಎಂಜಿನಿಯರ್‌ಗಳ ಹಳೇ ಅಸ್ತ್ರ: "ಇದೆಲ್ಲ ಬೈಕ್‌ಶೆಡ್ಡಿಂಗ್." ಪಾರ್ಕಿನ್ಸನ್ 1957ರ ತನ್ನ ಪುಸ್ತಕದಲ್ಲಿ ಹೇಳಿದ ಕಥೆಯಿಂದ ಬಂದ ಮಾತದು. ಅಣು ರಿಯಾಕ್ಟರ್‌ಗೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಡುವ ಸಮಿತಿ, ಸೈಕಲ್ ನಿಲ್ಲಿಸುವ ಶೆಡ್ಡಿನ ಬಗ್ಗೆ ಮುಕ್ಕಾಲು ಗಂಟೆ ಜಗಳವಾಡುತ್ತೆ.

ನನಗೆ ಈ ಹೋಲಿಕೆ ಒಪ್ಪಿಗೆಯಿಲ್ಲ. ನಕ್ಷೆಯಲ್ಲಿ ನಾನು ನಮ್ಮೂರಿನ ಮೂಲೆ ನೋಡ್ತೀನಿ, ಬರ್ಲಿನ್‌ನವನು ತನ್ನ ಬೀದಿ ನೋಡ್ತಾನೆ. ನಮ್ಮಿಬ್ಬರ ಕಣ್ಣಿಗೂ ಒಂದೇ ಥರ ಬೀಳೋದು ಈ ಲೋಗೋ ಮಾತ್ರ. ಕಂಪನಿಯಾದರೆ ಮೇಲಿನವರು ತೀರ್ಮಾನ ಮಾಡಿ ಸೋಮವಾರ ಎಲ್ಲರಿಗೂ ಹೊಸ ಮಗ್ ಹಂಚ್ತಾರೆ. ಇಲ್ಲಿ ಮೇಲಿನವರು ಅಂತ ಯಾರೂ ಇಲ್ಲ. ನಮ್ಮದು ಅನ್ನುವ ಭಾವನೆಯೊಂದೇ ಇಲ್ಲಿ ಸಂಬಳ. ಅದಕ್ಕೆ ಕೈ ಹಾಕಿದರೆ ಜಗಳ ಆಗಲೇಬೇಕು.

ಆದರೆ ಬದಲಾವಣೆಯೇ ತಪ್ಪು ಅಂತಲೂ ಅಲ್ಲ. ವಿಕಿಪೀಡಿಯದ ಒಗಟು ಗೋಳವನ್ನು 2010ರಲ್ಲಿ ಹೊಸದಾಗಿ ಬರೆದರು. ಹಳೆಯದರಲ್ಲಿ ದೇವನಾಗರಿ ಮತ್ತು ಜಪಾನಿ ಅಕ್ಷರಗಳು ತಪ್ಪಾಗಿದ್ದವು, ಸರಿಪಡಿಸಿದರು. ಆ ಗೋಳದಲ್ಲಿ ನಮ್ಮ 'ವಿ' ಕೂಡ ಇದೆ. ಮುಂದಿನ ಸಲ ತೆರೆದಾಗ ಹುಡುಕಿ ನೋಡಿ. ಗೋಳ ಗೋಳವಾಗೇ ಉಳಿಯಿತು, ತುಂಡುಗಳೂ ಉಳಿದವು. ನೋಡಿದವರಿಗೆ ಅದೇ ವಿಕಿಪೀಡಿಯ.

ಹಾಗಾಗಿ ನನ್ನ ತಕರಾರು ಸರಳ ಮಾಡಿದ್ದಕ್ಕಲ್ಲ, ಅಂಕಿ ತೆಗೆದದ್ದಕ್ಕೆ. ನಕ್ಷೆ ಅನ್ನೋದು ಬರೀ ಚಿತ್ರವಲ್ಲ, ಹತ್ತಿರ ಹೋಗಿ ನೋಡಿದರೆ ಒಳಗೆ ಮಾಹಿತಿ ಇದೆ, ಅದನ್ನು ನೀನೂ ಮುಟ್ಟಬಹುದು ಅಂತ ಆ ಸೊನ್ನೆ-ಒಂದುಗಳು ಹೇಳ್ತವೆ. ಫೋನಿನಲ್ಲಿರೋ ಬೇರೆ ನಕ್ಷೆಗಳಿಗೂ ಇದಕ್ಕೂ ಇರೋ ವ್ಯತ್ಯಾಸವೇ ಅದು. ಅದನ್ನು ತೆಗೆದರೆ ಉಳಿಯೋದು ಒಂದು ಚೆಂದದ ಪಿನ್ನು. ಅಂಥವು ಪ್ಲೇಸ್ಟೋರ್ ತುಂಬ ಇವೆ.

ಆ ದಿನ ನನಗೆ ಬೇಜಾರಾಗಿದ್ದು ಮಾತ್ರ ಬೇರೆ ಕಾರಣಕ್ಕೆ. ಕೋಡ್ ರಿವ್ಯೂ ಮಾಡುವಾಗ ಎಷ್ಟು ನಾಜೂಕಾಗಿ ಮಾತಾಡುವ ಹುಡುಗರು, ಚಿತ್ರದ ಎದುರು "ನಂಗಿಷ್ಟ ಆಗ್ಲಿಲ್ಲ" ಅಂತ ಒಂದೇ ಸಾಲಿನಲ್ಲಿ ಮುಗಿಸಿದರು. ಅವಳ ಎರಡು ಸಂಜೆಗೂ ಬೆಲೆ ಇದೆಯಲ್ಲ? ಬಿಟ್ಟಿ ಕೆಲಸದಲ್ಲೂ ಕೋಡ್ ಬರೆದವರಿಗೆ ಮಣೆ, ಬಣ್ಣ ಹಚ್ಚಿದವರಿಗೆ ಟೀಕೆ. ಟೀ ಆರುವವರೆಗೂ ಅವಳು ಮಾತಾಡಲಿಲ್ಲ.

ಮರುವಾರ ನಾನೇ ಫೋನ್ ಮಾಡಿ, "ಅಂಕಿ ಎಷ್ಟಿದ್ರೆ ಸಾಕು?" ಅಂತ ಕೇಳಿದೆ. "ಎರಡು ಇಟ್ರೂ ಒಂದೇ ಬಣ್ಣದಲ್ಲಿ ನಿಲ್ಲುತ್ತೆ" ಅಂದಳು. ಈಗ ಕಳಿಸಿರೋ ಚಿತ್ರದಲ್ಲಿ ವೃತ್ತದೊಳಗೆ ಒಂದು ಸೊನ್ನೆ, ಪಕ್ಕದಲ್ಲಿ ಒಂದು. ಉಳಿದವರು ಇನ್ನೂ ನೋಡಿಲ್ಲ. ಭಾನುವಾರ ತೋರಿಸ್ತಾಳಂತೆ, ಟೀ-ಶರ್ಟಿನ ಸೈಜ್ ಕೂಡ ಆವತ್ತೇ ಬರೆಸಬೇಕಂತೆ.